ಇಪ್ಪತ್ತನಾಲ್ಕನೆಯವಳು

ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಎದುರು
ಬೇಕರಿಯ ಮಾಳಿಗೆಯಲ್ಲಿ ನಮ್ಮ ಕೋಚಿಂಗ್ ಕ್ಲಾಸು.
ಕೆಳಗೆ ಮೊಟ್ಟೆ ಪಫ್ಸು ಬೇಯುವ ಹೊತ್ತಿಗೆ
ಮೇಲೆ ನಾವು ತಿರುವಾಂಕೂರಿನ ರಾಜರನ್ನು
ಇಸವಿ ಸಮೇತ ಬಾಯಿಪಾಠ ಮಾಡುತ್ತಿದ್ದೆವು,
ಡಿಗ್ರಿ ಮುಗಿದು ಹದಿನಾಲ್ಕು ತಿಂಗಳಾದ ಮೂವರು.
ಮೂವರಿಗೂ ಒಂದೇ ಗೈಡು.
ನೀಲಿ ಗೆರೆ ಲೋಹಿತನದು, ಹಸಿರು ನನ್ನದು,
ಮೈಮೂನ ಮಾತ್ರ ಪೆನ್ಸಿಲಿನಲ್ಲಿ ಎಳೆಯುವಳು.
“ನಾಳೆ ಮಾರಬೇಕಾದರೆ ಉಜ್ಜಬಹುದು.”

ಮಲಯಾಳದ ೞ ನನ್ನ ನಾಲಿಗೆಗೆ ಹತ್ತಲಿಲ್ಲ.
ಹಳಗನ್ನಡದಲ್ಲಿ ಇದ್ದದ್ದೇ ಅದು,
ನಮ್ಮವರು ದಾರಿಯಲ್ಲೆಲ್ಲೋ ಬೀಳಿಸಿಕೊಂಡು ಬಂದದ್ದು.
ಸಂಜೆ ನಾಲ್ಕಕ್ಕೆ ಮೈಮೂನ ಪೞಂಪೊರಿ ತಂದು
ಸರಿಯಾಗಿ ಹೇಳಿದವರಿಗೆ ಮಾತ್ರ ಎಂದು ಹಟ ಹಿಡಿದಳು.
ಪಳಂ ಅಂದೆ, ಪರಂ ಅಂದೆ, ಹಸಿದೇ ಕೂತೆ.
ಕಡೆಗೆ ಅವಳೇ ಗುಟ್ಟು ಬಿಟ್ಟುಕೊಟ್ಟಳು:
“ಮೊಗ್ರಾಲಿನಲ್ಲಿ ನಮ್ಮ ಮನೆಯಲ್ಲೂ
ಪಯಂ ಅಂತಲೇ ಹೇಳುವುದು ಮಾರಾಯ್ತಿ,
ಈ ೞ ಎಲ್ಲ ಪರೀಕ್ಷೆಗೆ.”
ಲೋಹಿತ್ ನಕ್ಕು ತನ್ನ ಪಾಲನ್ನು ನನ್ನ ಕಡೆ ಸರಿಸಿದ.
ಎಣ್ಣೆ ಹೀರಿದ ಆ ಪೇಪರು ತುಂಡನ್ನು
ಎಷ್ಟು ದಿನ ಇಟ್ಟುಕೊಂಡಿದ್ದೆನೋ, ಹೇಳಲು ನಾಚಿಕೆ.
ಇರುವೆ ಬಂದ ಮೇಲೆ ಎಸೆದೆ.

ಅವನೂ ನಾನೂ ಏನೂ ಹೇಳಿಕೊಂಡವರಲ್ಲ.
ಸಂಜೆಯ ಪ್ಯಾಸೆಂಜರಿನಲ್ಲಿ ಸೀಟು ಇದ್ದರೂ
ಅವನ ಕುಂಬಳೆ ಬರುವ ತನಕ ಬಾಗಿಲ ಬಳಿ ನಿಲ್ಲುತ್ತಿದ್ದೆವು.
ಒಮ್ಮೆ, ಮೊಗ್ರಾಲು ಹೊಳೆ ದಾಟುವಾಗ ಅಂದ:
“ಲಿಸ್ಟು ಬರಲಿ. ನಿನಗೆ ಒಂದು ಮಾತು ಹೇಳಲಿಕ್ಕುಂಟು.”
ಆ ಮಳೆಗಾಲವಿಡೀ
ನಾನೊಬ್ಬಳೇ ಎರಡು ಫಲಿತಾಂಶಕ್ಕೆ ಕಾದೆ.

ಬಂತು.
ಮೈಮೂನ ಏಳು, ಲೋಹಿತ್ ಇಪ್ಪತ್ತಮೂರು,
ನಾನು ಇಪ್ಪತ್ತನಾಲ್ಕು.
ಕನ್ನಡ ಬಲ್ಲ ಗುಮಾಸ್ತರು
ಸರಕಾರಕ್ಕೆ ಇಪ್ಪತ್ತಮೂರೇ ಸಾಕಾದರು.
ಅವನಿಗೂ ನನಗೂ ನಡುವೆ
ಒಂದು ತಪ್ಪುತ್ತರಕ್ಕೆ ಕಳೆಯುವಷ್ಟು ಅಂತರ,
ಒಂದು ಅಂಕದ ಮೂರನೆಯ ಒಂದು ಪಾಲು.
ಅಷ್ಟು ಸಣ್ಣ ಸಂದಿನಲ್ಲಿ ಅವನ ಮಾತು ಸಿಕ್ಕಿಕೊಂಡಿತು.
ಲಾಡು ಕೊಟ್ಟ. “ನಿನಗೂ ಬರ್ತದೆ” ಅಂದ.
ಪೈವಳಿಕೆ ಪಂಚಾಯತಿಗೆ ಸೇರಿಕೊಂಡ.
ಆಮೇಲೆ ಫೋನು ಮೂರು ದಿನಕ್ಕೊಮ್ಮೆ,
ಆಮೇಲೆ ವಿಷುವಿಗೆ, ದೀಪಾವಳಿಗೆ.
ಕೆಟ್ಟವನಲ್ಲ.
ನಾನು ಇಪ್ಪತ್ತಮೂರು, ಅವನು ಇಪ್ಪತ್ತನಾಲ್ಕು ಆಗಿದ್ದರೆ?
ಅಪ್ಪನ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಾ ಕೇಳಿಕೊಂಡೆ.
ಉತ್ತರ ಅಷ್ಟೇನೂ ಚಂದ ಇರಲಿಲ್ಲ.

ಮೈಮೂನ ಕೆಲಸಕ್ಕೆ ಸೇರಲಿಲ್ಲ.
ಸೇರದವಳ ಜಾಗ ಪಿಎಸ್‌ಸಿಗೆ ಹಿಂದೆ ಹೋಗಿ
ರಿಜಿಸ್ಟರ್ಡ್ ಅಂಚೆಯಲ್ಲಿ ನನ್ನನ್ನು ಹುಡುಕಿಕೊಂಡು ಬಂತು.
ಓಡಿದೆ. ಅವಳು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು,
ಹಲ್ಲಿನಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಹೇಳಿದಳು:
“ನಿನಗಾಗಿ ಅಂತ ತಿಳ್ಕೊಳ್ಳಬೇಡ.
ನನಗೆ ಬ್ಯಾಂಕು ಸಿಕ್ಕಿತು. ಸಂಬಳ ಜಾಸ್ತಿ.”
ಬ್ಯಾಂಕು ಸಿಕ್ಕಿದ್ದು ನಿಜ.
ಅದರ ಆರ್ಡರು ಬಂದದ್ದು ಆ ದಿನದಿಂದ ಐದು ತಿಂಗಳಿಗೆ,
ಅದೂ ನಿಜ.
ದಿನಾಂಕ ನೋಡುವುದು ಈಗ ನನ್ನ ಕೆಲಸ,
ಹಾಗಾಗಿ ಗೊತ್ತಾಯಿತು.
ಇದುವರೆಗೆ ಕೇಳಿಲ್ಲ. ಕೇಳಿದರೆ ಬಯ್ಯುತ್ತಾಳೆ.

ಮೊನ್ನೆ ರೈಲಿನಲ್ಲಿದ್ದಾಗ ಲೋಹಿತನ ಫೋನು.
“ಈಗ ಮನೆಯಲ್ಲಿ ಹೇಳಬಹುದು. ಅವತ್ತಿನ ಆ ಮಾತು…”
ಶಿರಿಯ ಸಂಕ ಬಂತು, ಕೇಳಿಸುವುದಿಲ್ಲ ಎಂದೆ.
ಕೇಳಿಸುತ್ತಿತ್ತು.
ಕೆಳಗೆ ದೋಣಿಯೊಂದು ಮರಳಿನಲ್ಲಿ ಕೂತಿತ್ತು.
ಹೊಳೆಗೆ ಮಲಯಾಳದಲ್ಲಿ ಪುೞ.
ಮೆಲ್ಲಗೆ ಹೇಳಿ ನೋಡಿದೆ: ಪುೞ.
ಪಕ್ಕದ ಹೆಂಗಸು ತಿರುಗಿ ನೋಡಿ ನಕ್ಕಳು,
ಇನ್ನೂ ಸರಿಯಾಗಿಲ್ಲ ಅಂತ ಕಾಣುತ್ತದೆ.
ಆದಿತ್ಯವಾರ ಮೊಗ್ರಾಲಿಗೆ ಹೋಗಬೇಕು,
ಪಯಂಪೊರಿಗೆ.